ಹವಾ ಕಾಕಾ

ಯಾವ ಊರಿನಲ್ಲೇ ಆಗಲಿ, ನೆಲವನ್ನು ಅಗೆಯುವ, ಕಂಬವನ್ನು ನೆಡುವ, ಬಾವಿಗೆ ಮೋಟಾರು ಇಳಿಸುವ ಕೆಲಸ ಮೊದಲಾಗಿ ಅರ್ಧ ತಾಸು ಕಳೆಯುವುದರೊಳಗಾಗಿ, ಯಾರೂ ಕರೆಯದೆ ಬಂದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಮೊದಲು ಮೌನದಿಂದಲೂ, ತರುವಾಯ ಗಂಟಲು ಸರಿಪಡಿಸಿಕೊಳ್ಳುವ ಸದ್ದಿನಿಂದಲೂ, ಕಟ್ಟಕಡೆಗೆ ಸ್ಪಷ್ಟವಾದ ಆಜ್ಞೆಗಳಿಂದಲೂ ಆ ಕೆಲಸದ ಯಜಮಾನಿಕೆಯನ್ನು ವಹಿಸಿಕೊಳ್ಳುವ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಸಂಬಳವಿಲ್ಲ; ರಜೆಯೂ ಇಲ್ಲ. ಗೋಕಾಕ ಫಾಲ್ಸಿನ ಸೀಮೆಯಲ್ಲಿ ಈ ವರ್ಗದ ಮಹನೀಯರು ಬಹುಮಟ್ಟಿಗೆ ಅಲ್ಲಿನ ನೂಲಿನ ಗಿರಣಿಯಿಂದ ನಿವೃತ್ತರಾದವರು. ಅವರಲ್ಲಿಯೂ ಹವೆಗೆ ತೇವ ಕೂಡಿಸುವ ಹ್ಯುಮಿಡಿಫಿಕೇಶನ್ ಖಾತೆಯಲ್ಲಿ ಪಾಳಿಯ ಮೇಲೆ ಪಾಳಿ ದುಡಿದು ಹೊರಬಂದವರನ್ನು ಒಂದು ಪ್ರತ್ಯೇಕ ಪಂಗಡವೆಂದೇ ಎಣಿಸಬೇಕು. ಇವರೇ ಹವಾ ಕಾಕಾ. ಇಲ್ಲಿ ಚಿತ್ರಿತರಾದವರು ಒಬ್ಬ ಕಾಕಾ ಅಲ್ಲ, ಅನೇಕ ಕಾಕಾಗಳ ಸಾರವೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ. ತಮ್ಮನ್ನೇ ಕುರಿತು ಬರೆದುದೆಂದು ಯಾರೂ ಮುನಿಯಬಾರದು.

ಗಿರಣಿಯ ಹವೆಯ ಮರ್ಮವನ್ನರಿಯದವರಿಗೆ ಕಾಕಾ ಅವರ ಅಭಿಮಾನದ ಮೂಲವೂ ತಿಳಿಯಲಾರದು. ಘಟಪ್ರಭೆಯು 52 ಮೀಟರು ಎತ್ತರದಿಂದ ಧುಮುಕುವ ಸ್ಥಳದಲ್ಲಿ, ಆ ಜಲದ ಬಲವನ್ನೇ ನೆಚ್ಚಿ 1885ರಲ್ಲಿ ಸ್ಥಾಪಿತವಾದ ಕಂಪನಿಯ ನೂಲಿನ ಗಿರಣಿಯೊಳಗೆ, ಅತ್ಯಂತ ಸುಕುಮಾರವಾದ ಪ್ರಾಣಿಯೆಂದರೆ ಹತ್ತಿಯ ಎಳೆ. ಹವೆ ಒಣಗಿತೋ, ಎಳೆ ಹರಿಯುತ್ತದೆ. ಘರ್ಷಣೆಯಿಂದ ವಿದ್ಯುತ್ತು ಹುಟ್ಟಿ ತಂತುಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾರುವ ಹತ್ತಿ ಮೂಗು ಬಾಯಿಗಳನ್ನು ಸೇರುತ್ತದೆ. ಆದಕಾರಣ ನೂಲುವ ಖಾತೆಯಲ್ಲಿ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 55ರಿಂದ 60ರ ಮೇರೆಯಲ್ಲಿ ನಿಲ್ಲುವಂತೆ, ನೀರಿನ ತುಂತುರಿನೊಳಗಿಂದ ಹಾಯಿಸಿದ ಗಾಳಿಯನ್ನು ದೊಡ್ಡ ಫ್ಯಾನುಗಳಿಂದ ಒಳಗೆ ನೂಕಬೇಕಾಗುತ್ತದೆ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವೊಂದು, ಸುತ್ತದ್ದೊಂದು. ಇವೆರಡರ ಅಂತರವನ್ನು ನೋಡಿ ನೋಡಿಯೇ ಕಾಕಾ ತಮ್ಮ ತಾರುಣ್ಯವನ್ನು ಸವೆಸಿದರು.

ಈಗಲೂ ಅವರ ಕೈಚೀಲದಲ್ಲಿ, ಗುಜರಿಯಲ್ಲಿ ಕೊಂಡ ಅಂಥದೇ ಜೋಡಿ ಉಷ್ಣಮಾಪಕವಿರುತ್ತದೆ. ಅದಕ್ಕೆ ಹಿಡಿಯುಂಟು, ಹಿಡಿದು ಗರಗರನೆ ತಿರುಗಿಸಿದ ಮೇಲೆ ಅಂಕಿಗಳನ್ನು ಓದಬೇಕು. ಲಗ್ನದ ಮನೆಯೊಂದರಲ್ಲಿ ಮದುಮಕ್ಕಳ ಎದುರಿಗೆ ನಿಂತು ಅವರು ಅದನ್ನು ತಿರುಗಿಸುತ್ತಿರಲು, ದೃಷ್ಟಿ ತೆಗೆಯುವ ಹೊಸದೊಂದು ವಿಧಾನವಿದೆಂದು ಬಗೆದ ಅಜ್ಜಿಯೊಬ್ಬರು, ರಚ್ಚೆ ಹಿಡಿದ ಮೊಮ್ಮಗನನ್ನು ಎತ್ತಿಕೊಂಡು ಬಂದು, ‘ಇವಂಗೂ ಒಂದೀಟ ತಿರಗಸ್ರಿ’ ಎಂದು ಬೇಡಿಕೊಂಡರಂತೆ. ಕಾಕಾ ತಿರುಗಿಸಿದರು. ಕೂಸು ಸುಮ್ಮನಾಯಿತು.

‘ಎಸಿ ಅನ್ನೂದು ಮನಷ್ಯಾನ ಸಲುವಾಗಿ ಹುಟ್ಟಿದ್ದಲ್ಲ, ನೂಲಿನ ಸಲುವಾಗಿ ಹುಟ್ಟಿದ್ದು’ ಎಂಬುದು ಅವರ ಮೊದಲನೆಯ ಸೂತ್ರ. ಕೇಳಿದವರು ನಗುತ್ತಾರಾದರೂ ಇತಿಹಾಸವು ಬಹುಮಟ್ಟಿಗೆ ಕಾಕಾ ಅವರ ಪಕ್ಷದಲ್ಲಿಯೇ ಇದೆ. 1902ರಲ್ಲಿ ಅಮೆರಿಕೆಯ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ಹವೆಯ ಯಂತ್ರವನ್ನು ಯೋಜಿಸಿಕೊಟ್ಟುದು ಕೆಲಸಗಾರರ ಬೆವರನ್ನು ಕಂಡು ಮರುಗಿ ಅಲ್ಲ, ತೇವದಿಂದ ಕಾಗದವು ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದುದಕ್ಕಾಗಿ. 1906ರ ಸುಮಾರಿಗೆ ಉತ್ತರ ಕ್ಯಾರೊಲಿನಾದ ಸ್ಟುವರ್ಟ್ ಕ್ರೇಮರ್ ಈ ವಿದ್ಯೆಯನ್ನು ಬೆಳೆಯಿಸಿದ್ದಂತೂ ನೇರವಾಗಿ ಹತ್ತಿಯ ಗಿರಣಿಗಳಲ್ಲಿ. ಕಾಗದವೂ ನೂಲೂ ಮೊದಲು ಸುಖಪಟ್ಟವು. ಮನುಷ್ಯನ ಪಾಳಿ ಆಮೇಲೆ ಬಂದಿತು.

ಇಂತಹ ಕಾಕಾ ಅವರಿಗೆ, ಗೋಕಾಕದ ಮಂಗಲ ಕಾರ್ಯಾಲಯವೊಂದರ ಮಾಳಿಗೆಯ ಮೇಲೆ ಹತ್ತು ಟನ್ನಿನ ಪ್ಯಾಕೇಜ್ ಎಸಿಯನ್ನು ಕೂಡಿಸುವರೆಂಬ ವಾರ್ತೆ ಮುಟ್ಟಿದ ಮೇಲೆ ಮನೆಯಲ್ಲಿ ಕುಳಿತಿರುವುದು ಶಕ್ಯವೆ? ಫಾಲ್ಸಿನಿಂದ ಮೊದಲ ಬಸ್ಸಿಗೇ ಹೊರಟರು. ಕಂಪ್ರೆಸರು, ಕಂಡೆನ್ಸರು, ತಂಪು ಸುರುಳಿ, ಫ್ಯಾನು ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಅಡಕವಾಗಿ, ಅದು ಹೊರಗೆ ಬಿಸಿಲಿನಲ್ಲಿ ನಿಂತು, ತಗಡಿನ ಡಕ್ಟಿನ ಮೂಲಕ ಒಳಗಿನವರಿಗೆ ತಂಪನ್ನು ಕಳುಹಿಸುವ ಏರ್ಪಾಡು ಇದು. ಹತ್ತು ಟನ್ನೆಂಬ ಮಾತಿಗೆ ಹೆದರಿ ಕಾರ್ಯಾಲಯದ ಸಾವುಕಾರರು ಸ್ಲ್ಯಾಬನ್ನೇ ದಿಟ್ಟಿಸುತ್ತಿದ್ದರು. ‘ಇಷ್ಟ ವಜನ ತಡೀತೈತೇನ್ರಿ ಕಾಕಾ?’

‘ವಜನ ಒಂದ ಟನ್ ಸೈತ ಆಗಾಕಿಲ್ಲ ಸಾವುಕಾರ್ರ. ಒಂದ ಟನ್ ಬರ್ಫ ಒಂದ ದಿನದಾಗ ಕರಗಿದ್ರ ಎಷ್ಟ ತಂಪ ಕೊಡತೈತಿ, ಅದ ಒಂದ ಟನ್. ನಿಮ್ಮ ಮಾಳಿಗಿ ಮ್ಯಾಲೆ ದಿನಾ ಹತ್ತ ಟನ್ ಬರ್ಫ ಕರಗಿಸಿದಂಗ.’

ಸಾವುಕಾರರು ಈಗ ಬರ್ಫದ ನೀರು ಎಲ್ಲಿ ಹೋಗುವುದೆಂಬ ಚಿಂತೆಗೆ ತೊಡಗಿದರು.

ಯಂತ್ರವನ್ನು ಕೂಡಿಸಲು ಬೆಳಗಾವಿಯಿಂದ ಬಂದ ಹುಡುಗರು ರಸಮಟ್ಟವನ್ನು ತೆಗೆಯುತ್ತಲೇ ಕಾಕಾ ತಡೆದರು. ಅಡುಗೆಮನೆಯಿಂದ ಊಟದ ತಾಟೊಂದನ್ನು ತರಿಸಿ, ಪೆಟ್ಟಿಗೆಯ ತಲೆಯ ಮೇಲಿಟ್ಟು, ಅಂಚಿನವರೆಗೆ ನೀರು ತುಂಬಿ, ಯಾವ ಮಗ್ಗುಲಿಗೆ ಚೆಲ್ಲುವುದೆಂದು ಉಸಿರು ಬಿಗಿಹಿಡಿದು ನೋಡಿ, ‘ಡ್ರೇನ್ ಕಡೆ ಒಂದ ನೂಲ ಇಳಸ್ರಿ’ ಎಂದರು. ಇಳಿಸಿದರು. ಅದು ಸರಿಯಾಗಿಯೇ ಇತ್ತೆಂದು ಹುಡುಗರ ಮುಖ್ಯಸ್ಥನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಆದರೆ ಗುಂಡಿ ಒತ್ತಿದ ಗಳಿಗೆಯಲ್ಲಿ ಕಾಕಾ ಅವರ ಕಿವಿಯ ಯೋಗ್ಯತೆ ಪ್ರಕಟವಾಯಿತು. ಕಂಪ್ರೆಸರು ಕರ್ಕಶವಾಗಿ ಕಿರುಚತೊಡಗಿತು. ಡಕ್ಟಿನಿಂದ ಬಂದ ಗಾಳಿಯಲ್ಲಿ ತಂಪಿನ ಗಂಧವೂ ಇಲ್ಲ. ಹುಡುಗರು ಗ್ಯಾಸಿನ ಗೇಜನ್ನು ಹುಡುಕುತ್ತಿರಲು ಕಾಕಾ ಕಣ್ಣು ಮುಚ್ಚಿ, ‘ಏ ತಮ್ಮಾ, ಬಂದ್ ಮಾಡ. ಉಲ್ಟಾ ತಿರಗಾಕತ್ತೈತಿ. ಎರಡ ವಾಯರ ಅದಲ ಬದಲ ಮಾಡ’ ಎಂದರು. ಮೂರು ಫೇಸಿನ ಸ್ಕ್ರಾಲ್ ಕಂಪ್ರೆಸರಿನ ಸ್ವಭಾವವೇ ಇದು. ಫೇಸುಗಳ ಅನುಕ್ರಮ ತಪ್ಪಿದರೆ ಹಿಮ್ಮುಖವಾಗಿ ಸುತ್ತಿ ಗದ್ದಲವೆಬ್ಬಿಸುವುದೇ ಹೊರತು ಗ್ಯಾಸನ್ನು ಒತ್ತುವುದಿಲ್ಲ. ಎರಡು ತಂತಿಗಳನ್ನು ಬದಲಿಸಿದ ಕೂಡಲೆ ಯಂತ್ರ ಸಮಾಧಾನದಿಂದ ಗುಂಯ್ಗುಟ್ಟಿತು. ಅಂದಿನಿಂದ ಕಾಕಾ ಅವರನ್ನು ತಡೆಯುವವರು ಆ ಕಾರ್ಯಾಲಯದಲ್ಲಿ ಉಳಿಯಲಿಲ್ಲ. ಹಿಂದುಸ್ತಾನದ ಮೊತ್ತಮೊದಲ ಕರೆಂಟು ತಮ್ಮ ಫಾಲ್ಸಿನಲ್ಲೇ ಹುಟ್ಟಿತೆಂಬ ವಾದವನ್ನು ಅವರು ಆ ಮಧ್ಯಾಹ್ನ ಊಟದ ಪಂಕ್ತಿಯುದ್ದಕ್ಕೂ ಮಂಡಿಸಿದರು.

ಆದರೆ ಡ್ರೇನ್ ಪೈಪಿನಿಂದ ನೀರು ಹರಿಯುವುದನ್ನು ಕಂಡೊಡನೆ ಅವರ ಮುಖ ಕಪ್ಪಿಟ್ಟಿತು. ಜೀವಮಾನವೆಲ್ಲ ಹವೆಯೊಳಗೆ ನೀರನ್ನು ತುಂಬಿದವರಿಗೆ, ಅದನ್ನು ಹವೆಯಿಂದ ಹಿಂಡಿ ಹೊರಗೆ ಚೆಲ್ಲುವ ಯಂತ್ರವನ್ನು ನೋಡುವ ಪ್ರಸಂಗ! ಪೈಪಿನ ಕೆಳಗೆ ಬಕೀಟನ್ನಿಟ್ಟು, ತುಂಬಿದ ಬಕೀಟನ್ನು ಸಾಕ್ಷ್ಯವಾಗಿ ಸಾವುಕಾರರ ಮುಂದಿರಿಸಿ, ‘ಗಾಳ್ಯಾಗಿನ ನೀರ ತಗದ ಗಟಾರಕ್ಕ ಬಿಡೂದು ಯಾವ ಶಾಣ್ಯಾತನಾರೀ?’ ಎಂದು ಕೇಳಿದರು. ಲಗ್ನಕ್ಕೆ ನೆರೆದವರ ಉಸಿರಿನಿಂದಲೂ ಬೆವರಿನಿಂದಲೂ ಬಿಸಿ ಅನ್ನದ ಹಬೆಯಿಂದಲೂ ಹವೆಯಲ್ಲಿ ತೇವ ಕೂಡುವುದೆಂದೂ, ಅದನ್ನು ತೆಗೆಯದಿದ್ದರೆ ಮೈಯ ಬೆವರು ಆರದೆಂದೂ, ತಂಪು ಸುರುಳಿಯನ್ನು ಮುಟ್ಟಿದ ತೇವವೇ ಹೀಗೆ ನೀರಾಗಿ ಇಳಿಯುವುದೆಂದೂ ಹುಡುಗರ ಮುಖ್ಯಸ್ಥನು ವಿನಯದಿಂದ ವಿವರಿಸಿದನು. ಕಾಕಾ ಬಹಳ ಹೊತ್ತು ವಿಚಾರ ಮಾಡಿದರು. ‘ಖರೆ. ಮಂದಿ ಏನ ಹರಿಯಾಂಗಿಲ್ಲ ಬಿಡು’ ಎಂದು ಕೊನೆಗೆ ಸಮ್ಮತಿಯಿತ್ತರು.

ಯಂತ್ರಕ್ಕೆ ಅರಿಷಿಣ ಕುಂಕುಮ ಏರಿಸಿ ತೆಂಗಿನಕಾಯಿ ಒಡೆದ ದಿನವೇ ತಮ್ಮ ಕರ್ತವ್ಯವು ಮುಗಿಯಿತೆಂದು ನಂಬುವ ಮಾಲೀಕರ ಈ ಲೋಕದಲ್ಲಿ, ಅದರ ಮುಂದಿನ ಆಯುಷ್ಯವು ಕಾಕಾ ಅವರಂಥವರ ಕೈಯಲ್ಲಿರುತ್ತದೆ. ಬಿಸಿಲು ಬಡಿಯದಿರಲೆಂದು ಸಾವುಕಾರರು ನಡೆಯುತ್ತಿರುವ ಯಂತ್ರದ ಮೇಲೆಯೇ ತಾಡಪತ್ರಿ ಹೊದಿಸಿ ಕಟ್ಟಿಸುತ್ತಾರೆ. ಹೊರಹೋಗಬೇಕಾದ ಕಾವು ಹೊರಳಿ ಒಳಬಂದು, ಒತ್ತಡವೇರಿ, ಯಂತ್ರ ತಾನಾಗಿ ನಿಲ್ಲುತ್ತದೆ. ಅವರು ವೋಲ್ಟೇಜನ್ನು ಬಯ್ಯುತ್ತಾರೆ. ಸಾವುಕಾರ್ತಿಯವರು ಆ ಬಿಸಿಗಾಳಿಯ ಇದಿರಿಗೆ ಸಂಡಿಗೆಯನ್ನು ಹರವುತ್ತಾರೆ. ಕಬ್ಬಿನ ಸುಗ್ಗಿ ಮುಗಿದು ಹೊಲಗಳಲ್ಲಿ ರವದಿ ಸುಟ್ಟಾಗ ಕರಿ ಬೂದಿಯು ಹಾರಿ ಬಂದು ಕಂಡೆನ್ಸರಿನ ರೆಕ್ಕೆಗಳ ಸಂದಿಯಲ್ಲಿ ನೆಲೆಸುತ್ತದೆ. ಕಾಕಾ ತಾಡಪತ್ರಿಯನ್ನು ಕೀಳುತ್ತಾರೆ, ಸಂಡಿಗೆಯನ್ನು ಸರಿಸುವ ನೆಪದಲ್ಲಿ ರುಚಿ ನೋಡುತ್ತಾರೆ, ಬಾಗಿದ ರೆಕ್ಕೆಗಳನ್ನು ತಮ್ಮ ಸ್ವಂತ ಬಾಚಣಿಗೆಯಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತಾರೆ. ಮೋಟಾರ್ ಸೈಕಲ್ ತೊಳೆಯುವ ಪಂಪನ್ನು ತಂದ ಹುಡುಗನನ್ನು ಗದರಿಸಿ, ಗಾಳಿ ಹಾಯುವ ದಿಕ್ಕಿಗೆ ವಿರುದ್ಧವಾಗಿ, ಒಳಗಿನಿಂದ ಹೊರಕ್ಕೆ, ಮೆಲ್ಲನೆ ನೀರು ಬಿಡಿಸುತ್ತಾರೆ.

ಅವರದೊಂದು ದೌರ್ಬಲ್ಯವುಂಟು. ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಅವರಿಗೆ ಸಮಾಧಾನವಿಲ್ಲ. ಬಿಚ್ಚಿದ ತಿರುಪುಮೊಳೆಗಳನ್ನು ಜೋಪಾನವಾಗಿರಲೆಂದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮುಚ್ಚುವಾಗ ಅವುಗಳಲ್ಲಿ ಒಂದೆರಡು ಜೇಬಿನಲ್ಲಿಯೇ ಉಳಿದು ಫಾಲ್ಸಿಗೆ ಹೋಗುತ್ತವೆ. ತರುವಾಯ ತಗಡು ಗಡಗಡನೆ ನಡುಗತೊಡಗಿದಾಗ, ‘ಈಗಿನ ಕಂಪನಿ ಮಾಲ ಎಲ್ಲಾ ಹಿಂಗ’ ಎಂದು ವಿಷಾದಪಡುವವರೂ ಅವರೇ.

ಮಾಳಿಗೆಯ ಮೇಲೆ ಇಂಥ ಪೆಟ್ಟಿಗೆಯನ್ನಿಟ್ಟ ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆ. ಲಗ್ನಗಳ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರನ್ನು ತೊಳೆಸಿರಿ. ಬೇಸಗೆಗೆ ಮುಂಚೆ ಸುರುಳಿಗಳನ್ನು ತೊಳೆಸಿರಿ. ಯಂತ್ರವು ನಡೆಯುವಾಗ ಅದಕ್ಕೆ ಹೊದಿಕೆ ಬೇಡ. ಕಾಕಾ ಬಂದರೆ ಒಂದು ಕುರ್ಚಿ ಹಾಕಿಸಿ ಚಹಾ ಕೊಡಿರಿ. ಅವರು ಕೆಳಗಿಳಿಯುವ ಮುನ್ನ ತಿರುಪುಮೊಳೆಗಳನ್ನು ಮಾತ್ರ ಎಣಿಸಿಕೊಳ್ಳಿರಿ.