ಹೆಸರು ಬಂತಾ?

2022ರ ನವೆಂಬರ್ 19, ಶನಿವಾರ. ಬಿ.ಸಿ.ರೋಡಿನ ಹೋಟೆಲಲ್ಲಿ ಗೋಳಿಬಜೆಯ ಎರಡನೇ ಒಬ್ಬೆ ಬಾಣಲೆಯಿಂದ ಇಳಿದಿತ್ತು. ಮಂಗಳೂರಿನ ನಾಗುರಿಯಲ್ಲಿ ರಿಕ್ಷಾಕ್ಕೆ ಬೆಂಕಿ ಬಿತ್ತಂತೆ ಎಂದು ಗಲ್ಲಾದಲ್ಲಿ ಕೂತವರು ಮೊಬೈಲು ನೋಡಿ ಹೇಳಿದರು. ಯಾರೂ ಚಟ್ನಿಯಿಂದ ಕೈ ತೆಗೆಯಲಿಲ್ಲ. ರಿಕ್ಷಾ ಅಂದಮೇಲೆ ವಯರು ಶಾರ್ಟ್ ಆಗ್ತದೆ, ಗ್ಯಾಸು ಲೀಕ್ ಆಗ್ತದೆ, ಅದು ರಿಕ್ಷಾದವನ ಗ್ರಹಚಾರ. ಸ್ವಲ್ಪ ಹೊತ್ತಿಗೆ ಕರಟಿದ ಕುಕ್ಕರಿನ ಫೋಟೋ ಬಂತು. ಜೊತೆಗೆ ಬ್ಯಾಟರಿ, ವಯರು. ಆಗ ಹೋಟೆಲು ಎಚ್ಚೆತ್ತಿತು. ಪಕ್ಕದ ಮೇಜಿನ ಹಿರಿಯರೊಬ್ಬರು ಬಜೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತರು.

"ಪುದರ್ ಬತ್ತ್‌ಂಡಾ?"

ಹೆಸರು ಬಂತಾ ಎಂದು. ಸತ್ತವರ ಹೆಸರು ಕೇಳಿದರು ಎಂದುಕೊಳ್ಳಬೇಡಿ, ಪುಣ್ಯಕ್ಕೆ ಯಾರೂ ಸತ್ತಿರಲಿಲ್ಲ. ಮೈ ಸುಟ್ಟುಕೊಂಡ ರಿಕ್ಷಾ ಚಾಲಕನ ಹೆಸರೂ ಅವರಿಗೆ ಬೇಕಿರಲಿಲ್ಲ. ಆ ಕುಕ್ಕರ್ ತಂದವನ ಹೆಸರು ಬೇಕಿತ್ತು. ಅದು ಬಾರದೆ ಹೆದರಬೇಕೋ, ಸಿಟ್ಟಾಗಬೇಕೋ, ಮರುಕಪಡಬೇಕೋ ಎಂದು ಗೊತ್ತಾಗುವುದಿಲ್ಲ ನೋಡಿ. ನಮ್ಮ ಕಡೆ ದುಃಖಕ್ಕೂ ಆಧಾರ್ ಲಿಂಕ್ ಆಗಬೇಕು.

ನಾಗುರಿ ಅಂದರೆ ನಮಗೆ ದೂರದ ಊರಲ್ಲ. ಪಡೀಲು ಮತ್ತು ಪಂಪ್‌ವೆಲ್ ನಡುವೆ, ಹೆದ್ದಾರಿಯಲ್ಲೇ ಉಂಟು. ಬಂಟ್ವಾಳದ ಬಸ್ಸು, ಬೆಳ್ತಂಗಡಿಯ ಬಸ್ಸು, ಧರ್ಮಸ್ಥಳದ ಬಸ್ಸು ಎಲ್ಲವೂ ಅದರ ಎದುರಿನಿಂದಲೇ ಮಂಗಳೂರಿಗೆ ಇಳಿಯುವುದು. ಹಾಗಾಗಿ ಅವತ್ತು ರಾತ್ರಿ ಎಂಟು ಗಂಟೆಯೊಳಗೆ ನಮ್ಮ ತಾಲೂಕಿನಲ್ಲಿ ಕೂದಲೆಳೆಯಲ್ಲಿ ಪಾರಾದವರ ಸಂಖ್ಯೆ ವಿಪರೀತ ಏರಿತು. "ಹತ್ತು ನಿಮಿಷ ಹಿಂದೆ ನಾನು ಅಲ್ಲೇ ಇದ್ದೆ ಮಾರಾಯ್ರೆ" ಎಂದವರನ್ನೆಲ್ಲ ಒಟ್ಟು ಸೇರಿಸಿದರೆ ಆ ಹತ್ತು ನಿಮಿಷದಲ್ಲಿ ನಾಗುರಿಯಲ್ಲಿ ಒಂದು ರಥೋತ್ಸವ ನಡೆದಿರಬೇಕು. ಮೂಡುಬಿದಿರೆಯವರ ಬಸ್ಸು ಹೋಗುವುದು ವಾಮಂಜೂರು, ಕುಲಶೇಖರದ ದಾರಿಯಲ್ಲಿ. ಅವರೂ ಬಿಟ್ಟುಕೊಡಲಿಲ್ಲ. ನನ್ನ ಹೆಂಡತಿಯ ಊರು ಅದೇ ಆದ್ದರಿಂದ ಫೋನು ಬರುತ್ತಲೇ ಇತ್ತು. ಒಬ್ಬರಂತೂ ಅವತ್ತು ಪಂಪ್‌ವೆಲ್‌ಗೆ ಹೋಗಬೇಕು ಎಂದು ಯೋಚಿಸಿ ಆಮೇಲೆ ಬೇಡ ಎಂದುಕೊಂಡಿದ್ದರಂತೆ. ಯೋಚನೆಯಲ್ಲೇ ಬದುಕುಳಿದ ಮೊದಲ ಮನುಷ್ಯ.

ಆರೋಪಿ ಮೈಸೂರಿನಿಂದ ಬಸ್ಸಲ್ಲಿ ಬಂದನೆಂದು ಪೊಲೀಸರು ಹೇಳಿದ್ದೇ ತಡ, ಇನ್ನೊಂದು ತಂಡ ಹುಟ್ಟಿತು. ಮೈಸೂರಿನ ಬಸ್ಸು ಪುತ್ತೂರು, ಮಾಣಿ, ಕಲ್ಲಡ್ಕ ದಾಟಿ ಬರುವುದಲ್ಲವೇ? ಮರುದಿನ ಕಲ್ಲಡ್ಕದಲ್ಲಿ ಅವನು ಕೆ.ಟಿ. (ಕಲ್ಲಡ್ಕ ಟೀ) ಕುಡಿದದ್ದನ್ನು ಕಂಡವರು ಇಬ್ಬರು ಸಿಕ್ಕಿದರು. ಡಿಕಾಕ್ಷನ್ ಮೇಲೆ, ಹಾಲು ಕೆಳಗೆ, ಕಲಕದೆ ಕುಡಿದನಂತೆ. "ಆಗಲೇ ನನಗೆ ಡೌಟು ಬಂತು" ಎಂದರು.

ಭಾನುವಾರ ಬೆಳಿಗ್ಗೆ ಡಿಜಿಪಿ ಪ್ರವೀಣ್ ಸೂದ್ ಇದು ಆಕಸ್ಮಿಕವಲ್ಲ, ಭಯೋತ್ಪಾದನಾ ಕೃತ್ಯ ಎಂದು ಟ್ವೀಟ್ ಮಾಡಿದರು. ಅಷ್ಟರಲ್ಲಿ ಹೆಸರೂ ಓಡಾಡುತ್ತಿತ್ತು. ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಆದ ಸಮಾಧಾನವನ್ನು ನೀವು ನೋಡಬೇಕಿತ್ತು. "ನಾನು ಹೇಳಿರಲಿಲ್ವಾ" ಎಂಬ ಸಂದೇಶ ಎಷ್ಟು ಸಲ ಬಂತೆಂದರೆ, ಎಸ್‌ಎಸ್‌ಎಲ್‌ಸಿ ರಿಸಲ್ಟು ಬಂದು ಊರಿಗೆ ಊರೇ ಪಾಸಾದ ಹಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ ಚಾಲಕನ ಬಗ್ಗೆ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಅದನ್ನು ಮೇಲೆ ತಳ್ಳಿಕೊಂಡು ಇನ್ನು ಮುಂದೆ ಯಾರ ಅಂಗಡಿಗೆ ಹೋಗಬಾರದು ಎಂಬ ಪಟ್ಟಿ ಬಂತು. ಪಟ್ಟಿ ಹಾಕಿದವರು ನಮ್ಮ ನೆರೆಯವರೇ. ಹತ್ತೂವರೆಗೆ ಮೀನಿನ ಕಾಕನ ಸ್ಕೂಟರು ಹಾರ್ನ್ ಹೊಡೆದಾಗ ತಟ್ಟೆ ಹಿಡಿದು ಮೊದಲು ಓಡಿದವರೂ ಅವರೇ. "ಬಂಗುಡೆ ಫ್ರೆಶ್ ಉಂಟಾ ಕಾಕ?" ಭಾನುವಾರವಲ್ಲವೇ, ಸಿದ್ಧಾಂತಕ್ಕೆ ರಜೆ. ಕಾಕ ಅವತ್ತು ಮಾತು ಕಡಿಮೆ ಆಡಿದರು, ಚೌಕಾಸಿಗೆ ನಿಲ್ಲದೆ ಎರಡು ಬಂಗುಡೆ ಹೆಚ್ಚೇ ಹಾಕಿದರು. ನೆರೆಯವರು ಅದನ್ನು ಲಾಭವೆಂದು ಎಣಿಸಿ ಒಳಗೆ ಹೋದರು. ಗುಂಪಿನಲ್ಲಿ ಅದನ್ನು ಬರೆಯಲಿಲ್ಲ.

ದೈವದೇವರ ವಿಷಯಕ್ಕೆ ಬರುತ್ತೇನೆ. ಸ್ಫೋಟವಾದ ಜಾಗ ಕಂಕನಾಡಿ ಗರಡಿಯ ಆಸುಪಾಸು. ಕೋಟಿ ಚೆನ್ನಯರ ಕಾರಣಿಕದಿಂದಲೇ ಬಾಂಬು ಗುರಿ ಮುಟ್ಟುವ ಮೊದಲು ಸಿಡಿದದ್ದು ಎಂದು ಭಕ್ತರು ನಂಬಿದರು. ಗುರಿ ಕದ್ರಿ ದೇವಸ್ಥಾನವಾಗಿತ್ತು ಎಂಬ ಸುದ್ದಿ ಬಂದಾಗ ಮಂಜುನಾಥನ ಪಾಲೂ ಸೇರಿತು. ನನಗೆ ಇದರಲ್ಲಿ ತಕರಾರಿಲ್ಲ. ಹೆದರಿದ ಜೀವ ದೈವಕ್ಕೆ ಹೂವು ಹಿಂಗಾರ ಇಟ್ಟು ಸಮಾಧಾನ ಮಾಡಿಕೊಂಡರೆ ಅದು ವಾಟ್ಸ್‌ಆ್ಯಪಿಗಿಂತ ಎಷ್ಟೋ ಮೇಲು, ಹಿಂಗಾರ ಫಾರ್ವರ್ಡ್ ಆಗುವುದಿಲ್ಲ. ಆದರೆ ಕಾರಣಿಕದಲ್ಲಿ ಪಾಲು ಕೇಳುವ ಸೀಮೆಗಳು ಹೆಚ್ಚಾದವು. ಬಸ್ಸು ನಮ್ಮ ಮಾಗಣೆ ದಾಟಿ ಹೋಗಿರುವಾಗ ನಮ್ಮ ದೈವ ಸುಮ್ಮನಿತ್ತೇ ಎಂದು ಒಬ್ಬರು ಕೇಳಿದರು. ಹಾಗಾದರೆ ರಿಕ್ಷಾದವನನ್ನು ಯಾಕೆ ಯಾವ ಮಾಗಣೆಯೂ ನೋಡಿಕೊಳ್ಳಲಿಲ್ಲ ಎಂದೆ. ಅವರು ವಾರವಿಡೀ ನನ್ನೊಡನೆ ಮಾತಾಡಲಿಲ್ಲ.

ಆಮೇಲೆ ಸುರುವಾಯಿತು ಜೆರಾಕ್ಸ್ ಪರ್ವ. ಆರೋಪಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ, ಹುಬ್ಬಳ್ಳಿಯವರೊಬ್ಬರು ಕಳೆದುಕೊಂಡಿದ್ದ ಆಧಾರ್ ಕಾರ್ಡು ಅವನ ಕೈಯಲ್ಲಿತ್ತು ಎಂದು ಪತ್ರಿಕೆಗಳು ಬರೆದವು. ಅಂದರೆ ಮನೆಯ ಯಜಮಾನರಿಗೆ ಆಧಾರ್ ಸಿಕ್ಕಿತ್ತು, ಮನುಷ್ಯ ಮಾತ್ರ ಬೇರೆ. ಇದರಿಂದ ನಮ್ಮೂರಿನ ಬಾಡಿಗೆಮನೆಯವರು ಕಲಿತ ಪಾಠವೇನು? ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆದಿಡಬೇಕು! ಮೆಲ್ಕಾರಿನಲ್ಲಿ ನನ್ನ ಪರಿಚಯದವರೊಬ್ಬರು ಹನ್ನೊಂದು ವರ್ಷದಿಂದ ಅದೇ ಮನೆಯಲ್ಲಿದ್ದ, ಗೃಹಪ್ರವೇಶಕ್ಕೂ ಬೊಜ್ಜಕ್ಕೂ ಅಡುಗೆ ಬಡಿಸಿದ್ದ ಬಾಡಿಗೆದಾರರನ್ನು ಕರೆದು ಎರಡೂ ಬದಿಯ ಜೆರಾಕ್ಸ್ ಕೇಳಿದರು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಕೋಣೆಯ ಕಪಾಟಿನಲ್ಲಿಟ್ಟ ಮೇಲೆ ಅವರಿಗೆ ನಿದ್ರೆ ಬಂತು.

ನಮ್ಮ ಮನೆಯ ಕುಕ್ಕರಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಅದರ ಗ್ಯಾಸ್ಕೆಟ್ ಹೋಗಿ ತಿಂಗಳಾಗಿತ್ತು. ರಿಪೇರಿಗೆ ಒಯ್ಯಲು ರಿಕ್ಷಾ ಸ್ಟ್ಯಾಂಡಿಗೆ ಹೋದೆ. ಚೀಲದೊಳಗೆ ಎಂತ ಎಂದು ಕೇಳಿದರು. ಕುಕ್ಕರು ಎಂದೆ. ಮುಂದಿನ ರಿಕ್ಷಾಕ್ಕೆ ಹೋಗಿ ಎಂದರು. ಮುಂದಿನವನು ಅದರ ಮುಂದಿನವನನ್ನು ತೋರಿಸಿದ. ಕೊನೆಗೆ ಕುಕ್ಕರನ್ನು ಚೀಲದಿಂದ ಹೊರತೆಗೆದು, ಮುಚ್ಚಳ ಒಂದು ಕೈಯಲ್ಲಿ, ಪಾತ್ರೆ ಇನ್ನೊಂದು ಕೈಯಲ್ಲಿ ಹಿಡಿದು, ಊರಿಗೆಲ್ಲ ತೋರಿಸುತ್ತ ನಡೆದೇ ಹೋದೆ. ರಿಕ್ಷಾದವರನ್ನು ನಾನು ದೂರುವುದಿಲ್ಲ. ಆ ವಾರ ನಿಜವಾಗಿ ಹೆದರುವ ಹಕ್ಕಿದ್ದದ್ದು ಅವರಿಗೆ ಮಾತ್ರ.

ರಾಜಕಾರಣಿಗಳ ಸಮಾಧಾನ ಬೇರೆಯೇ ಜಾತಿಯದು. ಡಿಸೆಂಬರಿನಲ್ಲಿ ಡಿ.ಕೆ. ಶಿವಕುಮಾರ್, ತನಿಖೆಗೆ ಮುಂಚೆಯೇ ಭಯೋತ್ಪಾದನೆ ಎಂದದ್ದು ಹೇಗೆ, ಮತದಾರರ ಮಾಹಿತಿ ಹಗರಣದಿಂದ ಗಮನ ಬೇರೆಡೆಗೆ ಸೆಳೆಯಲಿಕ್ಕಲ್ಲವೇ ಎಂದು ಕೇಳಿದರು. ಬಿಜೆಪಿಯವರಿಗೆ ಅಷ್ಟೇ ಸಾಕಾಯಿತು. 2023ರ ಮೇ ತಿಂಗಳ ಚುನಾವಣೆಯವರೆಗೆ ಆ ಕುಕ್ಕರನ್ನು ಅವರು ಒಲೆಯಿಂದ ಇಳಿಸಲಿಲ್ಲ. ಅದೇ ಚುನಾವಣೆಯಲ್ಲಿ ಮತದಾರರಿಗೆ ಹಂಚಲು ಒಯ್ಯುತ್ತಿದ್ದ ಕುಕ್ಕರುಗಳನ್ನು ರಾಜ್ಯದಲ್ಲಿ ಅಲ್ಲಲ್ಲಿ ಹಿಡಿದರು. ಅವುಗಳ ಬಗ್ಗೆ ಯಾರೂ ಹೆಸರು ಬಂತಾ ಎಂದು ಕೇಳಲಿಲ್ಲ.

ಈ ಹೆಸರಿನ ರೋಗ ನನಗೆ ಗೊತ್ತಾದದ್ದು ಅದಕ್ಕೂ ಮೊದಲು. 2020ರ ಜನವರಿ 20ರಂದು ಬಜಪೆ ವಿಮಾನ ನಿಲ್ದಾಣದಲ್ಲಿ ಒಂದು ಬ್ಯಾಗು ಸಿಕ್ಕಿತು. ಒಳಗೆ ಸ್ಫೋಟಕ. ಕೆಂಜಾರಿನ ಮೈದಾನಕ್ಕೆ ಒಯ್ದು ಸಿಡಿಸಿದರು. ಸಿಸಿಟಿವಿಯಲ್ಲಿ ಟೊಪ್ಪಿ ಹಾಕಿದ ಒಬ್ಬ ಕಂಡ. ಟೊಪ್ಪಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಸಾಕಾಯಿತು, ಅದು ಬಿಸಿಲಿಗೆ ಹಾಕುವ ಟೊಪ್ಪಿ ಎಂಬುದನ್ನು ಯಾರು ನೋಡುತ್ತಾರೆ? ಎರಡು ದಿನ ನಮ್ಮ ಸರ್ವಿಸ್ ಬಸ್ಸಿನಲ್ಲಿ ತನಿಖೆ, ಆರೋಪಪಟ್ಟಿ, ತೀರ್ಪು, ಗಲ್ಲು ಎಲ್ಲವೂ ಮುಗಿಯಿತು. ಎಚ್.ಡಿ. ಕುಮಾರಸ್ವಾಮಿ ಮಾತ್ರ ಇದು ಪೊಲೀಸರ ಅಣಕು ಕಾರ್ಯಾಚರಣೆಯಂತೆ ಕಾಣುತ್ತದೆ ಎಂದು ಬೈಸಿಕೊಂಡರು. 22ರಂದು ಬೆಂಗಳೂರಿನಲ್ಲಿ ಒಬ್ಬ ತಾನಾಗಿ ಪೊಲೀಸರ ಮುಂದೆ ಹೋಗಿ ಶರಣಾದ. ಇಂಜಿನಿಯರಿಂಗ್ ಓದಿದವ, ವಿಮಾನ ನಿಲ್ದಾಣದಲ್ಲಿ ಕೆಲಸ ಸಿಗದ ಸಿಟ್ಟಿನಿಂದ ಮಾಡಿದ್ದು ಎಂದರು. ಹೆಸರು ಬಂತು. ನಾನಿಲ್ಲಿ ಬರೆಯುವುದಿಲ್ಲ, ಅದು ನಮ್ಮ ಬಸ್ಸು ನಿರೀಕ್ಷಿಸಿದ ಬಗೆಯ ಹೆಸರಾಗಿರಲಿಲ್ಲ ಎಂದರೆ ನಿಮಗೆ ಅರ್ಥವಾಗುತ್ತದೆ.

ಅವತ್ತಿನ ಬಸ್ಸನ್ನು ನಾನು ಮರೆತಿಲ್ಲ. ಫರಂಗಿಪೇಟೆಯಿಂದ ತುಂಬೆಯವರೆಗೆ ಬ್ರೇಕಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ಎದುರಿನ ಸೀಟಿನವರು ಗಂಟಲು ಸರಿಮಾಡಿಕೊಂಡು, "ಪಾಪ, ತಲೆ ಸರಿ ಇರಲಿಕ್ಕಿಲ್ಲ" ಎಂದರು. ಇಡೀ ಬಸ್ಸು ಉಸಿರು ಬಿಟ್ಟಿತು. ಎರಡು ದಿನ ಗಲ್ಲಿಗೇರಿಸಿದವನನ್ನು ಎರಡು ನಿಮಿಷದಲ್ಲಿ ಇಳಿಸಿ ಡಾಕ್ಟರ ಬಳಿ ಕಳಿಸಿದೆವು. ಕೋರ್ಟು ಅಷ್ಟು ಮೃದುವಾಗಲಿಲ್ಲ, 2022ರ ಮಾರ್ಚಿನಲ್ಲಿ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತು. ಆ ಸುದ್ದಿ ನಮ್ಮ ಗುಂಪಿಗೆ ಬರಲೇ ಇಲ್ಲ. ನೆಟ್‌ವರ್ಕ್ ಇರಲಿಲ್ಲವೋ ಏನೋ.

ಈ ರೋಗಕ್ಕೆ ಸರಕಾರದ ಕೈಯಲ್ಲಿರುವ ಮದ್ದು ಶಾಂತಿಸಭೆ. 2017ರ ಮಳೆಗಾಲದಲ್ಲಿ ಬಂಟ್ವಾಳದಲ್ಲಿ ವಾರಗಟ್ಟಲೆ 144ನೇ ಸೆಕ್ಷನ್ ಇತ್ತು, ಅಂದಿನಿಂದ ನಮಗೆ ಇದರ ಪರಿಚಯ ಚೆನ್ನಾಗಿದೆ. ಶಾಂತಿಗೆ ಎಂದೂ ಭಂಗ ತರದವರನ್ನು ಕರೆದು ಶಾಂತಿಯಿಂದಿರಿ ಎಂದು ಹೇಳಿ ಚಹಾ ಕೊಡುವುದಕ್ಕೆ ಶಾಂತಿಸಭೆ ಎನ್ನುತ್ತಾರೆ. ಭಂಗ ತರುವವರಿಗೆ ಅದೇ ಹೊತ್ತಿಗೆ ಬೇರೆ ಕೆಲಸ ಇರುತ್ತದೆ.

ನಾಗುರಿಯ ಹೆದರಿಕೆ ಎಷ್ಟು ದಿನ ಇತ್ತು ಎಂದು ಕೇಳಿದರೆ, ಬಹಳ ದಿನ ಇರಲಿಲ್ಲ. ಆಗ ಕಾರ್ತಿಕದ ಕೊನೆ, ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವದ ಸಮಯ. ಜನ ಹೋದರು, ಬ್ಯಾಗು ತೋರಿಸು ಎಂದಲ್ಲಿ ತೋರಿಸಿದರು, ದೀಪ ನೋಡಿ ಬಂದರು. ಸುಮಾರು ಒಂದು ತಿಂಗಳಿಗೆ, ಡಿಸೆಂಬರ್ 21ರಿಂದ, ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಒಂದು ವಾರ ನಡೆಯಿತು. ಐವತ್ತು ಸಾವಿರದಷ್ಟು ಮಕ್ಕಳು, ಅದರ ಮೇಲೆ ನೋಡುವವರ ಜಾತ್ರೆ. ಎಲ್ಲರ ಬಾಯಲ್ಲೂ ಒಂದೇ ಆತಂಕ: ಕಾರು ಎಲ್ಲಿ ನಿಲ್ಲಿಸುವುದು? ಮನುಷ್ಯನಿಗೆ ಪಾರ್ಕಿಂಗಿನ ಚಿಂತೆ ಬಂತೆಂದರೆ ಬಾಂಬಿನ ಚಿಂತೆ ಹೋಯಿತೆಂದು ತಿಳಿಯಬೇಕು.

ಇನ್ನು 2024ರ ಜನವರಿ 28, ಭಾನುವಾರ. ಸಂಜೆ ಬೆಳ್ತಂಗಡಿ ಕಡೆಯಿಂದ ನಾದಿನಿಯ ಫೋನು. "ಭಾವಾ, ಭಯಂಕರ ಶಬ್ದ! ಬಾಂಬಂತೆ! ಮನೆ ಅದುರಿತು!" ಸ್ವರ ನಡುಗುತ್ತಿತ್ತು. ಹಿಂದಿನಿಂದ ಯಾರೋ ಗಟ್ಟಿಯಾಗಿ ಕೇಳುತ್ತಿದ್ದರು, ಯಾರಂತೆ, ಯಾರಂತೆ ಎಂದು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಈ ಸಲ ಸ್ವರ ತಿಳಿಯಾಗಿತ್ತು. "ಭಾವಾ, ಏನಿಲ್ಲ. ಪಟಾಕಿಯಂತೆ."

ವೇಣೂರಿನ ಹತ್ತಿರ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಘಟಕ ಸ್ಫೋಟಗೊಂಡಿತ್ತು. ಮೂವರು ಕೆಲಸಗಾರರು ಸತ್ತರು. ಇಬ್ಬರು ಕೇರಳದವರು, ಒಬ್ಬ ಹಾಸನ ಜಿಲ್ಲೆಯ ಹುಡುಗ. ವಿಮಾನ ನಿಲ್ದಾಣದ ಬ್ಯಾಗಿನಿಂದ ಸತ್ತವರು ಯಾರೂ ಇಲ್ಲ. ನಾಗುರಿಯ ಕುಕ್ಕರಿನಿಂದಲೂ ಇಲ್ಲ. ಇಲ್ಲಿ ಮೂವರ ದೇಹ ಚೂರಾಗಿ ಹೋಗಿತ್ತು. ನಮ್ಮ ಗುಂಪಿನಲ್ಲಿ ಬಂದ ಮೊದಲ ಸಂದೇಶ: "ಸದ್ಯ, ಬಾಂಬ್ ಅಲ್ಲ." ಅದಕ್ಕೆ ಇಪ್ಪತ್ತಾರು ಜನ ಹೆಬ್ಬೆರಳು ಎತ್ತಿದರು. ಎರಡನೆಯದು ಮುಂದಿನ ವಾರದ ಯಕ್ಷಗಾನ ಬಯಲಾಟದ ಆಮಂತ್ರಣ, ಗರ್ನಾಲು ವಿಶೇಷವಾಗಿ ಉಂಟು ಎಂಬ ಸೂಚನೆಯೊಂದಿಗೆ.

ತಿಂಗಳು ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂರ್ತಿ, ಹನ್ನೆರಡು ವರ್ಷಕ್ಕೊಮ್ಮೆ ಮೀಯುವುದು. ಕೊನೆಯ ದಿನ ಮಾರ್ಚ್ 1, ಶುಕ್ರವಾರ. ಅರಸಿನ, ಕುಂಕುಮ, ಚಂದನ ಸುರಿಯುವುದನ್ನು ಒಮ್ಮೆ ನೋಡಿಬಿಡೋಣ ಎಂದು ನಾನೂ ಹೆಂಡತಿಯೂ ಮಧ್ಯಾಹ್ನ ಊಟ ಮುಗಿಸಿ ಮೂಡುಬಿದಿರೆಯಲ್ಲಿ ಬಸ್ಸು ಹತ್ತಿದೆವು. ಹೊಸಂಗಡಿ ಬರುವ ಮೊದಲೇ ಒಂದರ ಹಿಂದೆ ಒಂದು ಮೊಬೈಲು ಕಿಣಿಕಿಣಿ ಎಂದವು. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ. ಸಿಲಿಂಡರ್ ಇರಬೇಕು ಎಂದ ಕಂಡಕ್ಟರ್. ನಮ್ಮ ಮುಂದಿನ ಸೀಟಿನ ಹೆಂಗಸು ವೈಟ್‌ಫೀಲ್ಡಿನಲ್ಲಿರುವ ಮಗನಿಗೆ ಕೈ ನಡುಗಿಸುತ್ತ ಫೋನು ಹಚ್ಚಿದರು. ನಾಲ್ಕನೆಯ ಸಲಕ್ಕೆ ಸಿಕ್ಕಿದ. ಅಲ್ಲಿಗೆ ಹೋಗಿಲ್ಲ, ಅಲ್ಲಿ ಯಾವಾಗಲೂ ಕ್ಯೂ ಅಮ್ಮಾ ಎಂದನಂತೆ. ಅವರು ಸೆರಗಿನಲ್ಲಿ ಕಣ್ಣೊರಸಿಕೊಂಡು ಕಿಟಕಿಗೆ ತಲೆಯಿಟ್ಟರು. ಆ ಬಸ್ಸಿನಲ್ಲಿ ಬಾಂಬಿನ ಬಗ್ಗೆ ಸರಿಯಾಗಿ ಕೇಳಬೇಕಾದ್ದನ್ನು ಕೇಳಿದವರು ಅವರೊಬ್ಬರೇ.

ಉಳಿದವರು ಮೊಬೈಲಿಗೆ ಮುಖ ಕೊಟ್ಟು ಕಾಯುತ್ತಿದ್ದರು. ಪೆರಿಂಜೆ ದಾಟಿತು. ನನ್ನ ಪಕ್ಕದವರು ಪರದೆಯನ್ನು ಎಳೆದೆಳೆದು ನೋಡಿ, "ಇನ್ನೂ ಹೆಸರು ಹಾಕಲಿಲ್ಲ ಇವರು" ಎಂದು ಬೇಸರಪಟ್ಟರು. ಹೊರಗೆ ವೇಣೂರಿನ ಸ್ವಾಗತ ಕಮಾನು ಕಾಣುತ್ತಿತ್ತು. ಸುಮ್ಮನಿರಲಾರದೆ ಕೇಳಿದೆ, ಕುಕ್ಕೇಡಿ ಇಲ್ಲೇ ಅಲ್ವಾ ಹತ್ತಿರ, ಮೊನ್ನೆ ಸತ್ತರಲ್ಲ ಮೂವರು, ಅವರ ಹೆಸರೆಂತ ಗೊತ್ತುಂಟಾ?

ಅವರು ಮೊಬೈಲಿನಿಂದ ಕಣ್ಣು ಎತ್ತಲಿಲ್ಲ.

"ಅದು ಪಟಾಕಿ ಅಲ್ವಾ ಮಾರಾಯ್ರೆ. ಅದಕ್ಕೆಂತ ಹೆಸರು?"