ಟಿಎಂಸಿ ಮಾವ

ಮುಂಗಾರು ಜೋರಾಗಿ ಕಟ್ಟೆಮಳಲವಾಡಿಯ ಅಣೆಕಟ್ಟೆ ಮೇಲೆ ಲಕ್ಷ್ಮಣತೀರ್ಥ ಉಕ್ಕಿ ಹರಿದರೆ, ಹುಣಸೂರಿನಿಂದ ಬೈಕು ಹತ್ತಿ ಜನ ಸೆಲ್ಫಿಗೆ ಬರುತ್ತಾರೆ. ನಮ್ಮ ಟಿಎಂಸಿ ಮಾವ ಮಾತ್ರ ಅತ್ತ ತಲೆ ಹಾಕುವುದಿಲ್ಲ. "ಇದು ಕಟ್ಟೆ ಕಣ್ಲಾ, ಡ್ಯಾಮಲ್ಲ. ಇದರ ಮಟ್ಟ ದಿನಾ ಪೇಪರಲ್ಲಿ ಬತ್ತದಾ?"

ಇಂಥ ಮಾವ ಕಾವೇರಿ ಸೀಮೆಯ ಪ್ರತಿ ಊರಿಗೂ ಒಬ್ಬರು ಉಂಟು. ಟೀ ಅಂಗಡಿಯಲ್ಲಿ ಪೇಪರಿನ ಮುಖಪುಟ ಯಾರಿಗಾದರೂ ಹೋಗಲಿ, ಜಲಾಶಯಗಳ ಮಟ್ಟ ಹಾಕಿರುವ ಮೂಲೆ ಮೊದಲು ಅವರಿಗೇ ಸಲ್ಲಬೇಕು. ಕೆಆರ್‌ಎಸ್ 124.80, ಕಬಿನಿ 2,284, ಹಾರಂಗಿ 2,859 ಅಡಿ, ಎಲ್ಲ ಬಾಯಲ್ಲೇ ಇದೆ. ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ದಿನ ಹರಿದರೆ ಹೆಚ್ಚುಕಮ್ಮಿ ಒಂದು ಟಿಎಂಸಿ ಎಂಬ ಲೆಕ್ಕವೂ ಗೊತ್ತು. ತಮ್ಮದೇ ಮೊಬೈಲ್ ನಂಬರು ಕೇಳಿದರೆ ಮಾತ್ರ ಮಗನನ್ನು ಕೂಗುತ್ತಾರೆ.

ಒಮ್ಮೆ ಏಳನೇ ಕ್ಲಾಸಿನ ಮೊಮ್ಮಗ ಕೇಳಿಬಿಟ್ಟ: "ತಾತ, ಹಂಗಾದ್ರೆ ಕನ್ನಂಬಾಡಿಗಿಂತ ಕಬಿನಿ ಇಪ್ಪತ್ತು ಪಟ್ಟು ಎತ್ತರವಾ?" ಕೆಆರ್‌ಎಸ್ ಅಂದರೆ ಕನ್ನಂಬಾಡಿಯ ಮಟ್ಟವನ್ನು ನದಿಯ ತಳದಿಂದ ಅಳೆಯುತ್ತಾರೆ, ಕಬಿನಿಯದನ್ನು ಸಮುದ್ರ ಮಟ್ಟದಿಂದ, ವಿಷಯ ಇಷ್ಟೇ. ಮಾವ ಟೀ ಕುಡಿದು ಮುಗಿಸುವವರೆಗೂ ಯೋಚಿಸಿ, "ಕನ್ನಂಬಾಡಿ ಮಹಾರಾಜರ ಕಾಲದ್ದು, ಆಗ ಅಡಿ ದೊಡ್ಡದಿತ್ತು" ಎಂದರು. ಅಂಗಡಿಯಲ್ಲಿ ಯಾರೂ ಎದುರಾಡಲಿಲ್ಲ.

ಆಷಾಢದಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಬೀಳುವ ಹೊತ್ತಿಗೆ ಸರಿಯಾಗಿ ಮಾವನಿಗೆ ಡ್ಯಾಮಿನ ಕರೆ ಬರುತ್ತದೆ. ಬ್ಯಾರನ್ನಿನ ಡಿಗ್ರಿ ಅತ್ತೆಯ ಪಾಲು, ಡ್ಯಾಮಿನ ಅಡಿ ಮಾವನ ಪಾಲು. ಈ ಸಲ ಬೀಚನಹಳ್ಳಿಯ ಕಬಿನಿ ಹಳತಾಯಿತೆಂದು, ಅದಕ್ಕೆ ನೀರು ಬರುವ ವಯನಾಡಿನ ಬೆಟ್ಟದ ಬಾಣಾಸುರ ಸಾಗರಕ್ಕೇ ಟಿಟಿ ಗಾಡಿ ಮಾಡಿಸಿದರು. ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ದಾಟುವಷ್ಟರಲ್ಲಿ ಚಿತ್ರಾನ್ನದ ಡಬ್ಬಿ ಖಾಲಿ.

ಅಲ್ಲಿ ಇಳಿದವರೇ ಮಾವ ಸುತ್ತ ನೋಡಿದರು. "ಗುಡ್ಡ ಅದೆ, ಡ್ಯಾಮೆಲ್ಲಿ?" ನಿಂತಿದ್ದದ್ದೇ ಡ್ಯಾಮಿನ ಮೇಲೆ. ಬಾಣಾಸುರ ಮಣ್ಣು-ಕಲ್ಲು ಪೇರಿಸಿದ ಒಡ್ಡು, ಈ ಬಗೆಯದರಲ್ಲಿ ದೇಶಕ್ಕೇ ದೊಡ್ಡದೆಂದು ಹೆಸರು. ಗೇಟುಗಳಿರುವುದು ಒಂದು ಪಕ್ಕಕ್ಕೆ, ಅವೂ ಅವತ್ತು ಮುಚ್ಚಿದ್ದವು. ನೊರೆಯಿಲ್ಲ, ಭೋರ್ಗರೆತವಿಲ್ಲ. ಮಕ್ಕಳು ಬೋಟಿನತ್ತ ಓಡಿದರು. ಮಾವ ಕಾವಲುಗಾರನ ಹತ್ತಿರ ಹೋಗಿ "ಒಳಹರಿವು ಎಷ್ಟು ಸ್ವಾಮಿ?" ಎಂದರೆ, ಅವನು ಮಲಯಾಳದಲ್ಲಿ ಏನೋ ಹೇಳಿ ಶೌಚಾಲಯದ ಕಡೆ ಕೈ ತೋರಿಸಿದ.

ಪೂರ್ಣ ಮಟ್ಟ 775.6 ಎಂದು ಮೊಮ್ಮಗ ಮೊಬೈಲಲ್ಲಿ ಹುಡುಕಿ ಹೇಳಿದಾಗ ಮಾವನ ಮುಖ ಇಳಿಯಿತು. ಇಷ್ಟೇನಾ? ಅದು ಮೀಟರಿನ ಲೆಕ್ಕ ಎಂದು ತಿಳಿದದ್ದೇ ತಡ, ಟಿಕೆಟ್ಟಿನ ಬೆನ್ನ ಮೇಲೆ ಗುಣಾಕಾರ ಶುರುವಾಯಿತು. ಮೂರು ಪಾಯಿಂಟ್ ಎರಡು ಎಂಟು. ಮಳೆ ಹನಿಗೆ ಅಂಕಿ ಕದಡಿತು. ಇನ್ನೊಂದು ಟಿಕೆಟ್ಟು, ಆಮೇಲೆ ಅತ್ತೆಯ ತಂಗಿಯ ಟಿಕೆಟ್ಟು. ಕೊನೆಗೆ ಕೂಗಿದರು: "ಎರಡು ಸಾವಿರದ ಐನೂರ ನಲವತ್ನಾಲ್ಕು! ನಮ್ಮ ಕಬಿನಿಗಿಂತ ಇನ್ನೂರ ಅರವತ್ತು ಅಡಿ ಮೇಲದೆ ಕಣ್ರೋ!" ಮಂಜು ಸರಿದು, ನೀರಿನ ನಡುವೆ ದ್ವೀಪಗಳು ಎದ್ದು ನಿಂತಿದ್ದವು. ಮಾವ ಟಿಕೆಟ್ಟನ್ನೇ ನೋಡುತ್ತಿದ್ದರು. ಅವರಿಗಾದ ಸಂತೋಷ ಬೋಟಿನಲ್ಲಿದ್ದ ಯಾರಿಗೂ ಆಗಿರಲಿಕ್ಕಿಲ್ಲ.

ಈ ಸಂತೋಷದಲ್ಲಿ ಸಂಜೆಯಾದದ್ದು ತಿಳಿಯಲಿಲ್ಲ. ಆರಕ್ಕೆ ಬಾವಲಿ ಚೆಕ್‌ಪೋಸ್ಟ್ ಮುಚ್ಚುತ್ತದೆ, ಕಾಡಿನ ದಾರಿ ಬೆಳಿಗ್ಗೆ ಆರಕ್ಕೇ ತೆರೆಯುವುದು. ಡ್ರೈವರ್ ಗೊಣಗುತ್ತ ಗಾಡಿಯನ್ನು ಕುಟ್ಟ, ಗೋಣಿಕೊಪ್ಪದ ಸುತ್ತುದಾರಿಗೆ ತಿರುಗಿಸಿದ. ಹಸಿದ ಹೆಂಗಸರು ಒಟ್ಟಿಗೇ ಬಾಯಿ ತೆರೆದಾಗ ಮಾವ ಸೀಟಿನಿಂದ ಎದ್ದು ಕಂಬಿ ಹಿಡಿದು ನಿಂತರು.

"ಬೇಕಂತಲೇ ಈ ದಾರಿ ಹಿಡಿಸಿದ್ದು. ನಮ್ಮ ಲಕ್ಷ್ಮಣತೀರ್ಥ ಹುಟ್ಟೋ ಇರ್ಪು ಇಲ್ಲೇ ಇರೋದು. ಅಗೋ, ನೋಡ್ಕಳಿ!"

ಕಗ್ಗತ್ತಲು. ಮಾವ ತೋರಿಸಿದ ಕಡೆಯಿಂದ ಒಂದು ನಾಯಿ ಬೊಗಳಿತು.

"ಅದು ಕಾಫಿ ಕಣ, ಯಜಮಾನ್ರೇ," ಎಂದ ಡ್ರೈವರ್. "ಇರ್ಪು ಈ ಕಡೆಗೆ."

"ಗೊತ್ತು ಕಣಯ್ಯ, ನೀನು ರೋಡ್ ನೋಡು" ಎಂದರು ಮಾವ.