ಒಂದು ಲೈಫ್ ನೀನಾಡು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ ಇದೆ. ಮರ್ಫಿ ಟೌನ್‌ನ ಈ ಸಂದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ, ಅವರ ಮನೆಯ ಕುಕ್ಕರಿನ ವಿಶಿಲ್ ಎಣಿಸುವ ಕೆಲಸ ನಮ್ಮಮ್ಮನದು. ಮೂರು ಆಗುತ್ತಿದ್ದಂತೆ ಇಲ್ಲಿಂದಲೇ "ಗ್ಯಾಸ್ ಆರಿಸ್ರೀ" ಎಂದು ಕೂಗುತ್ತಾರೆ. ಭಾನುವಾರ ಬೆಳಿಗ್ಗೆ ಆ ಗೋಡೆಯ ಮೇಲೆ ಎರಡು ಕಾಫಿ ಲೋಟ ಕೂರುತ್ತವೆ. ಈ ಕಡೆ ನಾನು, ಆ ಕಡೆ ಚಡ್ಡಿ ಕಾಲದಿಂದಲೂ ನನ್ನ ಜೊತೆಗಿರುವ ಗೆಳೆಯ. ಅವನ ಮನೆಮಾತು ತಮಿಳು, ನನ್ನದು ಕನ್ನಡ. ಜಗಳ ಮಾತ್ರ ಎರಡರಲ್ಲೂ ಆಡುತ್ತೇವೆ.

ಮೊನ್ನೆ ಭಾನುವಾರ ಅವನು ಲೋಟ ಇಡುವ ಮೊದಲೇ ಶುರುಮಾಡಿದ.

"ಮಗಾ, ಇಲ್ ನೋಡು. ನಮ್ಮ ಹುಡುಗ ಬೆಳಿಗ್ಗೆಯಿಂದ ಒಂದೇ ಜಾಗದಲ್ಲಿ ಮೂವತ್ತು ಸಲ ಸತ್ತಿದ್ದಾನೆ. ಸತ್ತ ತಕ್ಷಣ ಎದ್ದು ಬರ್ತಾನೆ. ಲೈಫ್ ಕಮ್ಮಿ ಆಗಲ್ಲ, ಗೇಮ್ ಓವರ್ ಅನ್ನೋದೇ ಇಲ್ಲ. ಇದೂ ಒಂದು ಆಟಾನಾ?"

ಹುಡುಗ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಆಟ 2018ರ 'ಸೆಲೆಸ್ಟ್'. ಮ್ಯಾಡಲಿನ್ ಎಂಬ ಹುಡುಗಿ ಒಂದು ಬೆಟ್ಟ ಹತ್ತಬೇಕು. ಮುಳ್ಳು, ಕುಸಿಯುವ ಕಲ್ಲು, ಎದುರುಗಾಳಿ ಎಲ್ಲ ದಾಟಿಕೊಂಡು ಹಾರಬೇಕು.

"ಅಪ್ಪ, ಇದನ್ನ ಪ್ಲಾಟ್‌ಫಾರ್ಮರ್ ಅಂತಾರೆ" ಎಂದ ಹುಡುಗ, ತಲೆ ಎತ್ತದೆ.

"ಪ್ಲಾಟ್‌ಫಾರ್ಮ್ ಇರೋದು ಕಂಟೋನ್ಮೆಂಟ್ ಸ್ಟೇಷನ್‌ನಲ್ಲಿ. ನಾವು ಇದನ್ನ ಹಾರೋ ಗೇಮ್ ಅಂತಿದ್ವಿ" ಎಂದ ಅಪ್ಪ.

ಹೌದು, ಹಾರೋ ಗೇಮ್. ತೊಂಬತ್ತರ ದಶಕದಲ್ಲಿ ಈ ಸಂದಿಗೆಲ್ಲ ಟಿವಿ ಗೇಮ್ ಇದ್ದದ್ದು ಇವನ ಮನೆಯಲ್ಲಿ ಮಾತ್ರ. ಇವನ ಮಾವ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದುಕೊಟ್ಟಿದ್ದರು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಅದು ಅಂತ ಆಗ ಯಾರಿಗೆ ಗೊತ್ತು? ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿತ್ತು. ಎಣಿಸಿದರೆ ಇದ್ದದ್ದು ಆರೋ ಏಳೋ, ಮಿಕ್ಕದ್ದೆಲ್ಲ ಅವವೇ ಬೇರೆ ಹೆಸರು ಹೊತ್ತು ಬರುತ್ತಿದ್ದವು. ಚಿತ್ರ ಬರದಿದ್ದರೆ ಕ್ಯಾಸೆಟ್ ಕಿತ್ತು, ಉಫ್ ಎಂದು ಊದಿ ಮತ್ತೆ ಹಾಕುವುದು. ಊದುವುದರಿಂದ ಉಪಯೋಗವೇನೂ ಇರಲಿಲ್ಲವಂತೆ, ಕಿತ್ತು ಮತ್ತೆ ಸರಿಯಾಗಿ ಕೂರಿಸಿದ್ದರಿಂದಲೇ ನಡೆಯುತ್ತಿತ್ತಂತೆ. ಈ ಮಾತು ಹೇಳಿದ್ದಕ್ಕೆ ಇವನು ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ಊದುವ ಹಕ್ಕು ಆ ಮನೆಯಲ್ಲಿ ಇವನೊಬ್ಬನಿಗೇ ಇತ್ತು ನೋಡಿ.

"ಮಾರಿಯೋಗೆ ಮೂರೇ ಲೈಫ್" ಎಂದ ಗೆಳೆಯ, ಬೆರಳು ಮೂರು ಎತ್ತಿ. "ಅದಕ್ಕೇ ಒಂದೊಂದು ಜಂಪಿಗೂ ಬೆಲೆ. ಈಗಿನೋರಿಗೆ ಸಾಯೋದು ಅಂದ್ರೆ ಸೀನಿದ ಹಾಗೆ."

ನಾನು ಸುಮ್ಮನಿರಬಹುದಿತ್ತು, ಆದರೆ ಕಾಫಿ ಇನ್ನೂ ಅರ್ಧ ಲೋಟ ಇತ್ತು. "ಮೂರೇ ಯಾಕೆ ಅಂತ ಯೋಚನೆ ಮಾಡಿದ್ದೀಯಾ?" ಎಂದೆ. ಮಾರಿಯೋ ಮೊದಲು ಕಾಣಿಸಿಕೊಂಡದ್ದು 1981ರ 'ಡಾಂಕಿ ಕಾಂಗ್'ನಲ್ಲಿ. ಆಗ ಅವನಿಗೆ ಮಾರಿಯೋ ಅನ್ನುವ ಹೆಸರೂ ಇರಲಿಲ್ಲ, ಜಂಪ್‌ಮ್ಯಾನ್ ಅನ್ನುತ್ತಿದ್ದರು. ಅದು ಅಂಗಡಿಯಲ್ಲಿ ನಿಲ್ಲಿಸುವ, ಕಾಸು ಹಾಕಿ ಆಡುವ ಡಬ್ಬಿ. ನೀನು ಬೇಗ ಸತ್ತರೇ ಅದರ ಹೊಟ್ಟೆಗೆ ಮುಂದಿನ ಕಾಸು. ಮನೆಗೆ ಬಂದ ಮೇಲೆ ಕಾಸಿನ ಕಾಟ ತಪ್ಪಿತು, ಜಾಗದ ಕಾಟ ಶುರುವಾಯಿತು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಇಡೀ ಆಟ 40 ಕಿಲೋಬೈಟ್. ನಿಮ್ಮತ್ತೆ ದಿನಾ ಕಳಿಸೋ ಗುಡ್ ಮಾರ್ನಿಂಗ್ ಗುಲಾಬಿ ಹೂವು ಅದಕ್ಕಿಂತ ದಪ್ಪ! ಅಷ್ಟರಲ್ಲೇ 32 ಸ್ಟೇಜ್ ಹಿಡಿಸಬೇಕು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಕಷ್ಟ ಮಾಡದಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುವ ಆಟ ಅದು. ದಿಢೀರ್ ನೆಂಟರು ಬಂದರೆ ಅಮ್ಮ ಸಾರಿಗೆ ಒಂದು ಚೊಂಬು ನೀರು ಬೆರೆಸುತ್ತಾಳಲ್ಲ, ಹಾಗೆ ನಮ್ಮ ಸಾವುಗಳನ್ನು ಬೆರೆಸಿ ಆಟವನ್ನು ಉದ್ದ ಮಾಡಿದ್ದರು.

ಗೆಳೆಯನಿಗೆ ಮೋಡ-ಪೊದೆಯ ವಿಷಯ ಹೊಸದು. ಒಂದು ನಿಮಿಷ ಆಕಾಶ ನೋಡಿದ, ಆಮೇಲೆ ನಮ್ಮ ಕರಿಬೇವಿನ ಗಿಡ ನೋಡಿದ. "ಮೋಸ ಮಾಡಿಬಿಟ್ರು" ಎಂದ.

"ಮೋಸ ನಾವು ಮಾಡಿಲ್ವಾ? ಕಾಂಟ್ರಾ ಗೇಮ್‌ನಲ್ಲಿ?"

ತಕ್ಷಣ ಅವನ ಎರಡೂ ಹೆಬ್ಬೆರಳು ಗಾಳಿಯಲ್ಲಿ ಆಡತೊಡಗಿದವು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹದಿನೇಳರ ಮಗ್ಗಿ ಇವನಿಗೆ ಇವತ್ತಿಗೂ ಬರುವುದಿಲ್ಲ, ಇದು ಮಾತ್ರ ನಿದ್ದೆಯಲ್ಲೂ ಬರುತ್ತದೆ. ಹಾಗೆ ಒತ್ತಿದರೆ 30 ಲೈಫ್. ಈ ಗುಟ್ಟಿನ ಹಿಂದಿನ ಕಥೆ ನನಗೆ ಬಹಳ ಇಷ್ಟ. ಕೊನಾಮಿ ಕಂಪನಿಯ ಕಝುಹಿಸಾ ಹಷಿಮೊಟೊ 1986ರಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಡಬ್ಬಿಗೆ ಒಗ್ಗಿಸುತ್ತಿದ್ದರು. ಸರಿ ಇದೆಯೇ ಎಂದು ಕೊನೆಯವರೆಗೂ ಆಡಿ ನೋಡಬೇಕಲ್ಲ, ಅದು ಅವರ ಕೈಲೇ ಆಗಲಿಲ್ಲ. ತಮಗೋಸ್ಕರ ಇಟ್ಟುಕೊಂಡ ಕಳ್ಳದಾರಿ ಅದು, ಕಾಂಟ್ರಾಗೆ ಬಂದದ್ದು ಆಮೇಲೆ! ಅಂದರೆ ಅಡುಗೆ ಮಾಡಿದವನಿಗೇ ಖಾರ ಜಾಸ್ತಿಯಾಗಿತ್ತು. 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಗೊತ್ತಲ್ಲ, ಅರವತ್ತೇ ನಿಮಿಷದಲ್ಲಿ ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ಹಿಡಿದು, ಅದನ್ನೇ ನೋಡಿ ಗೆರೆ ಗೆರೆ ಬರೆದ ರಾಜಕುಮಾರ. ಅದಕ್ಕೂ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪ್ ಮಾಡುವ ಮಂತ್ರ ಓಡಾಡುತ್ತಿತ್ತು.

ಇಷ್ಟು ಹೊತ್ತೂ ಸುಮ್ಮನಿದ್ದ ಹುಡುಗ ಈಗ ಬಾಯಿ ಹಾಕಿದ. "ಅಂಕಲ್, ಇದರಲ್ಲಿ ಹಾಗೆ ಕದಿಯೋದೇ ಬೇಡ. ಗೇಮೇ ಕೊಡುತ್ತೆ. ನೋಡಿ, ಈ ಅಂಚಿನಿಂದ ಕಾಲು ಜಾರಿ ಆಚೆ ಬಂದಾಯ್ತು. ಆದ್ರೂ ಸೆಕೆಂಡಿನ ಹತ್ತನೇ ಒಂದು ಭಾಗ ಟೈಮ್ ಇರುತ್ತೆ. ಅಷ್ಟರಲ್ಲಿ ಬಟನ್ ಒತ್ತಿದ್ರೆ, ಇನ್ನೂ ನೆಲದ ಮೇಲೇ ಇದ್ದ ಹಾಗೆ ಹಾರಿಸುತ್ತೆ." ಅದನ್ನು ಕಯೋಟಿ ಟೈಮ್ ಅನ್ನುತ್ತಾರಂತೆ. ಕಾರ್ಟೂನಿನಲ್ಲಿ ಬಂಡೆಯಂಚು ದಾಟಿ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲಷ್ಟೇ ಬೀಳುವ ಆ ತೋಳದಂಥ ಪ್ರಾಣಿಯ ಹೆಸರು. ನೆಲ ಮುಟ್ಟುವ ಮೊದಲೇ ಅವಸರಪಟ್ಟು ಬಟನ್ ಒತ್ತಿದರೂ ಅದನ್ನು ನೆನಪಿಟ್ಟುಕೊಂಡು ಹಾರಿಸುತ್ತದಂತೆ. ಮೂಲೆಗೆ ತಲೆ ತಾಗಿದರೆ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದಂತೆ. ಅದೂ ಸಾಲದಿದ್ದರೆ ಆಟದ ವೇಗ ತಗ್ಗಿಸಿಕೊಳ್ಳಬಹುದು, ಸಾವೇ ಇಲ್ಲದ ಹಾಗೂ ಮಾಡಿಕೊಳ್ಳಬಹುದು, ಯಾರೂ ಬೈಯುವುದಿಲ್ಲ.

"ಅಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡಿ!" ಎಂದ ಗೆಳೆಯ. "ಆಗಿನ ಬಿಟಿಎಸ್ ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವನು ಕೂತ ಹಾಗೆ."

"ಸುಲಭ ಅಂತ ಅಲ್ಲ ಅಪ್ಪ" ಎಂದು ಹುಡುಗ ರೇಗಿದ. 2025ರ ಸೆಪ್ಟೆಂಬರಿನಲ್ಲಿ ಬಂದ 'ಸಿಲ್ಕ್‌ಸಾಂಗ್' ಆಡಿನೋಡು ಎಂದ. ಆಸ್ಟ್ರೇಲಿಯಾದ ಅಡಿಲೇಡ್‌ನ ಬೆರಳೆಣಿಕೆಯ ಜನ ಸೇರಿ ಮಾಡಿದ ಆಟ ಅದು. 2017ರ ಅವರ 'ಹಾಲೋ ನೈಟ್' ಮುಗಿಸಿ ಮೀಸೆ ತಿರುವಿದವರೂ ಅದರ ಮುಂದೆ ಅತ್ತರಂತೆ. ಅಂದರೆ ಈ ಕಾಲದ ಆಟಗಳಿಗೂ ಹಲ್ಲಿದೆ. ಆಗ ಹಲ್ಲು ಕಾಣಿಸಿ ಕಚ್ಚುತ್ತಿದ್ದವು, ಈಗ ಕೈಹಿಡಿದು ಕೂರಿಸಿಕೊಂಡು ಕಚ್ಚುತ್ತವೆ.

ಲೋಟ ಖಾಲಿಯಾಗಿತ್ತು, ಆದರೂ ಕೈ ಅದನ್ನೇ ಹಿಡಿದಿತ್ತು. ಅಡ್ಜಸ್ಟ್ ಅನ್ನುವ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ನಮ್ಮ ಆಟಗಳಲ್ಲಿ ಅದು ಇರಲಿಲ್ಲ, ನಿಜ. ಪೆಟ್ಟಿಗೆಯೊಳಗೆ ಇರಲಿಲ್ಲ. ಆದರೆ ಪೆಟ್ಟಿಗೆಯ ಹೊರಗೆ? ಮಾರ್ಕೆಟ್ ಹತ್ತಿರ ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುವ ಅಂಗಡಿಯಿತ್ತು. ಟೈಮ್ ಮುಗಿಯುವ ಹೊತ್ತಿಗೆ ಬಾಸ್ ಸಾಯುವ ಹಾಗಿದ್ದರೆ, ಅಂಗಡಿ ಅಣ್ಣ ಗಡಿಯಾರದ ಕಡೆ ಬೆನ್ನು ಹಾಕಿ ಬೀಡಿ ಹಚ್ಚುತ್ತಿದ್ದ. ಅವನ ಕಯೋಟಿ ಟೈಮು ಒಂದು ಬೀಡಿಯಷ್ಟು ಉದ್ದ.

ಆಮೇಲೆ ಕರೆಂಟು. ನಮ್ಮ ಬಡಾವಣೆಗೆ ದಂಡಿನ ಕಾಲದ ಮರ್ಫಿ ಎಂಬ ಎಂಜಿನಿಯರ್ ಹೆಸರಿಟ್ಟರು ಅಂತಾರೆ, ಅದಕ್ಕೆ ಮೊದಲು ಇದು ನಾಕ್ಸ್‌ಪೇಟೆ. ಕೆಡುವುದು ಕೆಟ್ಟೇ ಕೆಡುತ್ತದೆ ಎಂಬ ನಿಯಮದ ಮರ್ಫಿ ಬೇರೆ, ಆತ ಅಮೆರಿಕದವನು. ಆತನೂ ಎಂಜಿನಿಯರೇ! ಕರೆಂಟಿನ ಮಟ್ಟಿಗೆ ಮಾತ್ರ ಇಬ್ಬರೂ ಒಬ್ಬರೇ ಎಂದು ನಮಗೆ ಗುಮಾನಿ. ಮಾರಿಯೋದಲ್ಲಿ ಏಳು ಕೋಟೆ ಗೆದ್ದು, ಏಳು ಸಲವೂ ರಾಜಕುಮಾರಿ ಬೇರೆ ಕಡೆ ಇದ್ದಾಳೆ ಎಂದು, ಕಚೇರಿಯಲ್ಲಿ ಪಕ್ಕದ ಕೌಂಟರಿಗೆ ಕಳಿಸಿದ ಹಾಗೆ ಕಳಿಸಿಕೊಂಡು, ಎಂಟನೆಯ ಕೋಟೆಯ ಬಾಗಿಲಿಗೆ ಬಂದಾಗಲೇ ಕರೆಂಟು ಹೋಗಬೇಕು. ಉಳಿಸಿಟ್ಟುಕೊಳ್ಳುವ ಸೌಲಭ್ಯ ಇಲ್ಲ, ಮತ್ತೆ ಒಂದರಿಂದ. ಆಗ ಇವನಮ್ಮ ಕತ್ತಲಲ್ಲೇ, ಆಡಲು ಸೇರಿದ್ದ ನಮ್ಮ ಐದೂ ಜನಕ್ಕೆ ಮುರುಕು ಹಂಚುತ್ತಿದ್ದರು. ಕರೆಂಟು ಬಂದರೆ, ಎಂಟನೆಯ ಕೋಟೆಯವರೆಗೂ ಹೋಗಿದ್ದವನಿಗೇ ಮೊದಲ ಚಾನ್ಸು. ಅದು ಯಾರೂ ಬರೆಯದ ಕಾನೂನು.

ಇನ್ನೊಂದು ಕಾನೂನು: ಸತ್ತವನು ಜಾಯ್‌ಸ್ಟಿಕ್ ಪಕ್ಕದವನಿಗೆ ದಾಟಿಸಬೇಕು. ಚಿಕ್ಕವನೊಬ್ಬ ದೊಡ್ಡ ಗುಂಡಿಯ ಮುಂದೆ ನಡುಗುತ್ತಿದ್ದರೆ "ಇದೊಂದು ಜಂಪ್ ನೀನು ಹಾರಿಸಿಕೊಡೋ" ಎಂದು ಕೊಟ್ಟುಬಿಡುತ್ತಿದ್ದ, ಹಾರಿಸಿಕೊಟ್ಟವನು ವಾಪಸ್ ಕೊಡುತ್ತಿದ್ದ. ಈ ಹುಡುಗನ ಆಟ ಪ್ರೋಗ್ರಾಮಿನಲ್ಲಿ ಬರೆದುಕೊಟ್ಟ ಉಪಕಾರವನ್ನು ನಮಗೆ ಐದು ಜನ, ಒಂದು ಚಾಪೆ, ಒಬ್ಬ ಅಂಗಡಿಯವನು ಮಾಡುತ್ತಿದ್ದರು. ಬೀಡಿಯಣ್ಣ ಎಲ್ಲರಿಗೂ ಸಿಗುತ್ತಿರಲಿಲ್ಲ, ಈ ಸೆಕೆಂಡಿನ ಹತ್ತನೇ ಒಂದು ಭಾಗ ಎಲ್ಲರಿಗೂ ಸಿಗುತ್ತದೆ. ಅದಕ್ಕೇ ಹೊಸದನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. "ಭಾಷಣ ಸಾಕು ಮಗಾ" ಎಂದ. ಮಗನ ಕಡೆ ತಿರುಗಿ, "ಕೊಡೋ ಇಲ್ಲಿ, ನೋಡೇಬಿಡೋಣ" ಎಂದ.

ಹುಡುಗ ಲ್ಯಾಪ್‌ಟಾಪನ್ನು ತಂದು ಗೋಡೆಯ ಮೇಲೆ ಇಟ್ಟ, ಜಾಯ್‌ಸ್ಟಿಕ್ಕನ್ನು ಅಪ್ಪನ ಕೈಗೆ ಕೊಟ್ಟ. ಗೆಳೆಯ ಅಂಗಿಯ ತೋಳು ಮಡಚಿದ, ಓಡಿದ, ಹಾರಿದ, ಮುಳ್ಳಿನ ಮೇಲೆ ಬಿದ್ದ. ಕಣ್ಣು ಪರದೆಯ ಮೇಲೇ ಇತ್ತು, ಕೈ ಮಾತ್ರ ತಾನಾಗೇ ಗೋಡೆ ದಾಟಿ ನನ್ನ ಕಡೆ ಬಂತು, ಜಾಯ್‌ಸ್ಟಿಕ್ ಸಮೇತ.

"ಅಪ್ಪಾ, ಅಂಕಲ್‌ಗೆ ಯಾಕೆ ಕೊಡ್ತೀಯಾ? ಆಗಲೇ ಎದ್ದು ನಿಂತ್ಕೊಂಡಿದೆ ನೋಡು. ಆಡ್ತಾನೇ ಇರಬಹುದು."

"ಸತ್ನಲ್ಲೋ. ಈಗ ಅವನ ಚಾನ್ಸು."

ನಾನು ನಾಲ್ಕೇ ಸೆಕೆಂಡಿನಲ್ಲಿ ಸತ್ತೆ. ಜಾಯ್‌ಸ್ಟಿಕ್ಕನ್ನು ಖಾಲಿ ಲೋಟಗಳ ಪಕ್ಕ ಇಟ್ಟೆ. ಹುಡುಗ ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿದ. ಆಮೇಲೆ ಕೈಚಾಚಿ, ಅನುಮಾನದಿಂದಲೇ ಕೇಳಿದ:

"ಈಗ ನನ್ನ ಚಾನ್ಸಾ?"